ಆತಂಕಕ್ಕೆ ಯಾವ ಮಾತ್ರೆ? ಶುರು ಮಾಡುವ ಮುಂಚೆಯೇ ಬಿಡುವ ದಾರಿ ನೋಡಿಕೊಳ್ಳಿ

ಮೆಡಿಕಲ್ ಶಾಪ್‌ಗೆ ಬಂದು ಆತಂಕದ ಮಾತ್ರೆ ಬಗ್ಗೆ ಕೇಳುವವರು ಹೆಚ್ಚಾಗಿ ದನಿ ತಗ್ಗಿಸಿಯೇ ಕೇಳುತ್ತಾರೆ. ಪಕ್ಕದಲ್ಲಿ ಗುರುತಿನವರು ಯಾರೂ ಇಲ್ಲ ಅಂತ ನೋಡಿಕೊಂಡು ಚೀಟಿ ಮುಂದಿಡುತ್ತಾರೆ. ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ. "ಡಾಕ್ಟರ್ ಎಸ್ಸಿಟಾಲೋಪ್ರಾಮ್ ಬರೆದಿದ್ದಾರೆ. ನಮ್ಮ ಭಾವ ಆಲ್ಪ್ರಜೋಲಾಮ್ ತಗೋತಾರೆ, ಅರ್ಧ ಗಂಟೆಗೆ ಆರಾಮಂತೆ. ಅದೇ ಒಳ್ಳೇದಲ್ವಾ ಅಣ್ಣಾ?"

ನಾನು ಫಾರ್ಮಸಿಸ್ಟ್. ನಿಮಗೆ ಯಾವ ಮಾತ್ರೆ ಅಂತ ಬರೆಯುವುದು ಡಾಕ್ಟರ್ ಕೆಲಸ, ನನ್ನದಲ್ಲ. ಆದರೆ ಅವರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು, ಎರಡು ಮೂರು ದಾರಿ ಇದೆ ಅಂದಾಗ ಯಾವುದಕ್ಕೆ ತಲೆಯಾಡಿಸಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇದೆ. ಅದಕ್ಕಾಗಿ ಈ ಬರಹ.

ಯಾವುದರ ಮೇಲೆ ತೂಗಬೇಕು

ಜನ ಸಾಮಾನ್ಯವಾಗಿ ಒಂದೇ ಅಳತೆ ಹಿಡಿಯುತ್ತಾರೆ: ಯಾವುದು ಬೇಗ ಕೆಲಸ ಮಾಡುತ್ತದೆ? ಅದೂ ಬೇಕು, ಆದರೆ ಅದೊಂದೇ ಹಿಡಿದರೆ ತಪ್ಪು ಮಾತ್ರೆ ಕೈಗೆ ಬರುತ್ತದೆ.

ಮೊದಲು ನೋಡಬೇಕಾದ್ದು ನಿಮ್ಮ ಆತಂಕದ ನಮೂನೆ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ತಿಂಗಳುಗಟ್ಟಲೆ ಏನೋ ಒಂದು ಚಿಂತೆ ಕಾಡುತ್ತಿದೆಯಾ? ಅಥವಾ ಚೆನ್ನಾಗಿಯೇ ಇದ್ದು ಇದ್ದಕ್ಕಿದ್ದಂತೆ ಎದೆ ಡವಡವ, ಉಸಿರು ಕಟ್ಟಿದ ಹಾಗೆ, ಈಗಲೇ ಸತ್ತೆ ಅನ್ನುವ ಗಾಬರಿ ಬಂದು, ಸ್ವಲ್ಪ ಹೊತ್ತಿಗೆ ಇಳಿಯುತ್ತದಾ? ಇಲ್ಲಾ, ವೈವಾ, ಇಂಟರ್ವ್ಯೂ, ಸ್ಟೇಜ್ ಅಂದಾಗ ಮಾತ್ರ ಕೈ ನಡುಗುತ್ತದಾ? ಈ ಮೂರಕ್ಕೂ ಮದ್ದು ಬೇರೆ ಬೇರೆ.

ಎರಡನೆಯದು, ಎಷ್ಟು ದಿನ ಬೇಕಾಗುತ್ತದೆ ಮತ್ತು ಬಿಡುವುದು ಎಷ್ಟು ಸುಲಭ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಅಳತೆ ಇದು. ಯಾವ ಮಾತ್ರೆ ಶುರು ಮಾಡಲಿ ಅಂತ ಎಲ್ಲರೂ ಕೇಳುತ್ತಾರೆ. ಯಾವಾಗ, ಹೇಗೆ ನಿಲ್ಲಿಸಲಿ ಅಂತ ಆವತ್ತೇ ಕೇಳುವವರು ತೀರಾ ಕಡಿಮೆ.

ಮೂರನೆಯದು ನಿಮ್ಮ ಉಳಿದ ಕಾಯಿಲೆ ಮತ್ತು ಮಾತ್ರೆಗಳು. ಬಿಪಿ, ಶುಗರ್, ಆಸ್ತಮಾ, ಗ್ಯಾಸ್ಟ್ರಿಕ್, ನೋವಿನ ಮಾತ್ರೆ, ಸಂಜೆಯ ಒಂದು ಪೆಗ್. ಪೆಗ್ ವಿಷಯ ಡಾಕ್ಟರ್‌ಗೆ ಹೇಳಲೇಬೇಕು, ಮನೆಯವರು ಪಕ್ಕದಲ್ಲಿದ್ದರೆ ಅವರನ್ನು ಹೊರಗೆ ಕೂರಿಸಿಯಾದರೂ.

ನಾಲ್ಕನೆಯದು ನಿಮ್ಮ ಕೆಲಸ. ಬಸ್ಸು, ಲಾರಿ, ಆಟೋ ಓಡಿಸುವವರಿಗೆ, ಮಷಿನ್ ಮುಂದೆ ನಿಲ್ಲುವವರಿಗೆ, ಎತ್ತರದಲ್ಲಿ ಕೆಲಸ ಮಾಡುವವರಿಗೆ ಮಂಪರು ತರುವ ಮಾತ್ರೆ ಅಪಾಯ. ಕೊನೆಯದು ಖರ್ಚು. ಅದನ್ನು ಆಮೇಲೆ ಹೇಳುತ್ತೇನೆ, ಯಾಕೆಂದರೆ ಮಾತ್ರೆಯ ಬೆಲೆ ಇಲ್ಲಿ ಚಿಕ್ಕ ಭಾಗ.

ಮಾತ್ರೆಗಿಂತ ಮುಂಚೆ ಒಂದು ವಿಷಯ. ಎದೆ ಬಡಿತ, ನಡುಕ, ಬೆವರು ಬರುವುದು ಆತಂಕದಿಂದ ಮಾತ್ರ ಅಲ್ಲ. ಥೈರಾಯ್ಡ್ ಜಾಸ್ತಿ ಇದ್ದರೂ ಹೀಗೇ ಆಗುತ್ತದೆ. ರಕ್ತ ಕಡಿಮೆ ಇದ್ದರೂ ಎದೆ ಹೊಡೆದುಕೊಳ್ಳುತ್ತದೆ. ಆಸ್ತಮಾದ ಸಾಲ್ಬುಟಮಾಲ್ ಇನ್‌ಹೇಲರ್ ಪದೇ ಪದೇ ಎಳೆದರೆ ಕೈ ನಡುಗುತ್ತದೆ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಶೀತದ ಮಾತ್ರೆಗಳೂ ಹಾಗೇ ಮಾಡುತ್ತವೆ. ದಿನಕ್ಕೆ ಐದಾರು ಸ್ಟ್ರಾಂಗ್ ಕಾಫಿ ಕುಡಿದು ನಿದ್ದೆ ಬರಲ್ಲ, ಎದೆ ಡವಡವ ಅನ್ನುವವರನ್ನೂ ಕಂಡಿದ್ದೇನೆ. ಒಂದು ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತ ಪರೀಕ್ಷೆ), ಹಿಮೋಗ್ಲೋಬಿನ್, ವಯಸ್ಸಾದವರಿಗೆ ಒಂದು ಇಸಿಜಿ ಮಾಡಿಸಿ ಅಂತ ಡಾಕ್ಟರ್ ಹೇಳಿದರೆ ಅದು ದುಡ್ಡು ಮಾಡುವ ಉಪಾಯ ಅಂದುಕೊಳ್ಳಬೇಡಿ.

ನಿಧಾನದ ಮಾತ್ರೆ: ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್

ಸದಾ ಕಾಡುವ ಆತಂಕಕ್ಕೆ, ಪದೇ ಪದೇ ಬರುವ ಪ್ಯಾನಿಕ್‌ಗೆ (ಮೇಲೆ ಹೇಳಿದ ದಿಢೀರ್ ಗಾಬರಿ), ಜನರ ಮುಂದೆ ಹೋಗಲು ಹೆದರುವುದಕ್ಕೆ ಈಗ ಮೊದಲು ಬರೆಯುವುದು ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ. ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್ ಈ ಗುಂಪಿನವು. ಖಿನ್ನತೆಗೂ ಇದೇ ಕೊಡುತ್ತಾರೆ. ಹಾಗಾಗಿ ಗೂಗಲ್ ಮಾಡಿದವರು "ನನಗೆ ಡಿಪ್ರೆಶನ್ ಇಲ್ಲ, ಇದ್ಯಾಕೆ ಕೊಟ್ರು" ಅಂತ ಗಾಬರಿಯಾಗುತ್ತಾರೆ. ಗಾಬರಿ ಬೇಡ, ಆತಂಕಕ್ಕೂ ಇದು ಸರಿಯಾದ ಮಾತ್ರೆಯೇ.

ತೊಂದರೆ ಇರುವುದು ವೇಗದಲ್ಲಿ. ಗುಣ ಕಾಣಲು 2ರಿಂದ 4 ವಾರ ಬೇಕು, ಪೂರ್ತಿ ಗುಣ ಗೊತ್ತಾಗಲು 6ರಿಂದ 8 ವಾರ, ಕೆಲವರಿಗೆ ಇನ್ನೂ ಜಾಸ್ತಿ. ಅದರ ಮೇಲೆ ಮೊದಲ ಒಂದೆರಡು ವಾರ ಹೊಟ್ಟೆ ತೊಳೆಸುತ್ತದೆ, ತಲೆನೋವು, ನಿದ್ದೆ ಏರುಪೇರು, ಕೆಲವರಿಗೆ ಆತಂಕವೇ ಸ್ವಲ್ಪ ಏರುತ್ತದೆ. ಈ ವಾರದಲ್ಲೇ ಬಹಳ ಜನ ಕೈಬಿಡುತ್ತಾರೆ. ಹತ್ತರ ಶೀಟ್‌ನಲ್ಲಿ ನಾಲ್ಕು ಗುಳ್ಳೆ ಒಡೆದಿರುತ್ತದೆ, ಉಳಿದ ಆರು ವಾಪಸ್ ತಗೋತೀರಾ ಅಂತ ಬರುತ್ತಾರೆ. ಇನ್ನೆರಡು ವಾರ ತಡೆದಿದ್ದರೆ ಅದೇ ಮಾತ್ರೆ ಹಿಡಿಸುತ್ತಿತ್ತೇನೋ.

ಇದನ್ನು ತಡೆಯುವ ದಾರಿ ಸರಳ. ಕಡಿಮೆ ಪ್ರಮಾಣದಲ್ಲಿ ಶುರು ಮಾಡಬಹುದಾ ಅಂತ ಡಾಕ್ಟರ್‌ನ ಕೇಳಿ. ಎಸ್ಸಿಟಾಲೋಪ್ರಾಮ್ 5 ಮಿ.ಗ್ರಾಂ.ನಿಂದ, ಸರ್ಟ್ರಲಿನ್ 25 ಮಿ.ಗ್ರಾಂ.ನಿಂದ ಶುರು ಮಾಡಿ ಏರಿಸುವುದು ರೂಢಿಯಲ್ಲಿದೆ. ಊಟವೋ ತಿಂಡಿಯೋ ಆದಮೇಲೆ ತಗೊಂಡರೆ ಹೊಟ್ಟೆ ತೊಳೆಸುವುದು ಕಡಿಮೆ. ನಿದ್ದೆ ಕೆಟ್ಟರೆ ಬೆಳಿಗ್ಗೆಗೆ, ಮಂಪರಾದರೆ ರಾತ್ರಿಗೆ ಬದಲಿಸಲು ಹೇಳುತ್ತಾರೆ.

ಕೌಂಟರ್‌ನಲ್ಲಿ ಯಾರೂ ಬಾಯಿಬಿಡದ ಇನ್ನೊಂದು ಅಡ್ಡ ಪರಿಣಾಮ ಇದೆ. ಲೈಂಗಿಕ ಆಸಕ್ತಿ ಕಡಿಮೆಯಾಗುವುದು, ತೃಪ್ತಿ ತಡವಾಗುವುದು. ಇದು ಅಪರೂಪ ಅಲ್ಲ. ಹೇಳಲು ನಾಚಿಕೆಯಾಗಿ ಸುಮ್ನೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಪ್ರಮಾಣ ಬದಲಿಸಬಹುದು, ಬೇರೆ ಮಾತ್ರೆಗೆ ಹೋಗಬಹುದು. ಆದರೆ ನೀವು ಹೇಳಿದರೆ ಮಾತ್ರ.

ಬಿಡುವ ಅಳತೆಯಲ್ಲಿ ಈ ಗುಂಪು ಪಾಸು, ಆದರೆ ಒಂದು ಷರತ್ತಿನ ಮೇಲೆ. ಚಟ ಹಿಡಿಸುವುದಿಲ್ಲ, ಪ್ರಮಾಣ ಏರಿಸುತ್ತಲೇ ಹೋಗಬೇಕಾಗುವುದಿಲ್ಲ. ಆದರೆ ದಿಢೀರನೆ ನಿಲ್ಲಿಸಿದರೆ ತಲೆ ತಿರುಗುತ್ತದೆ, ತಲೆಯೊಳಗೆ ಸಣ್ಣ ಶಾಕ್ ಹೊಡೆದಂತಾಗುತ್ತದೆ, ಸಿಡಿಮಿಡಿ ಬರುತ್ತದೆ. ಹಾಗಾಗಿ ವಾರಗಟ್ಟಲೆ ಮೆಲ್ಲಗೆ ಇಳಿಸಬೇಕು. ಗುಣವಾದ ಮೇಲೂ ಸಾಮಾನ್ಯವಾಗಿ 6ರಿಂದ 12 ತಿಂಗಳು ಮುಂದುವರಿಸಿ ಆಮೇಲೆ ಇಳಿಸುತ್ತಾರೆ. ಗುಂಪಿನೊಳಗೇ ವ್ಯತ್ಯಾಸ ಇದೆ: ಪ್ಯಾರಾಕ್ಸೆಟಿನ್ ಬಿಡುವುದು ಕಷ್ಟ, ಫ್ಲುಆಕ್ಸೆಟಿನ್ ಮೈಯಲ್ಲಿ ಬಹಳ ದಿನ ಉಳಿಯುವುದರಿಂದ ಬಿಡುವುದು ಸುಲಭ.

ಯಾರಿಗೆ ಎಚ್ಚರ ಬೇಕು? 65 ದಾಟಿದವರಿಗೆ ಎಸ್ಸಿಟಾಲೋಪ್ರಾಮ್ ದಿನಕ್ಕೆ 10 ಮಿ.ಗ್ರಾಂ. ಮೀರದಂತೆ ನೋಡುತ್ತಾರೆ, ಯಾಕೆಂದರೆ ಹೃದಯದ ಬಡಿತದ ಲಯ ಕೆಡಬಹುದು. ಅವರಲ್ಲಿ ರಕ್ತದ ಸೋಡಿಯಂ ಇಳಿಯುವುದೂ ಉಂಟು. ಅಜ್ಜಿಗೆ ಮಾತ್ರೆ ಶುರುವಾದ ಮೇಲೆ ಸುಸ್ತು, ಏನೇನೋ ಮಾತಾಡುವುದು ಕಂಡರೆ ವಯಸ್ಸಾಯಿತು ಅಂತ ಬಿಡಬೇಡಿ, ಪರೀಕ್ಷೆ ಮಾಡಿಸಿ. ಗ್ಯಾಸ್ಟ್ರಿಕ್‌ಗೆ ದಿನಾ ಒಮೆಪ್ರಜೋಲ್ ನುಂಗುವವರಲ್ಲಿ ಎಸ್ಸಿಟಾಲೋಪ್ರಾಮ್ ಮಟ್ಟ ಏರುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಜಾಸ್ತಿ. ನೋವಿಗೆ ಕೊಡುವ ಟ್ರಮಡಾಲ್, ಒಣ ಕೆಮ್ಮಿನ ಸಿರಪ್‌ನಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫನ್ ಕೂಡ ಇದರ ಜೊತೆ ಜಗಳವಾಡುತ್ತವೆ. ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ "ನಾನು ಈ ಮಾತ್ರೆ ಮೇಲಿದ್ದೇನೆ" ಅಂತ ಮೊದಲೇ ಹೇಳಿ.

25 ವರ್ಷದೊಳಗಿನವರಲ್ಲಿ ಮೊದಲ ಕೆಲವು ವಾರ ಆತ್ಮಹತ್ಯೆಯ ಯೋಚನೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ ಅನ್ನುವ ಎಚ್ಚರಿಕೆ ಈ ಮಾತ್ರೆಗಳಿಗಿದೆ. ಮಗನೋ ಮಗಳೋ ಶುರು ಮಾಡಿದ್ದರೆ ಆ ವಾರಗಳಲ್ಲಿ ಒಬ್ಬರೇ ದೂರದ ಪಿಜಿಯಲ್ಲಿ ಇರದ ಹಾಗೆ ನೋಡಿಕೊಳ್ಳುವುದು ಒಳ್ಳೆಯದು. ಹಿಂದೆ ಎಂದಾದರೂ ದಿನಗಟ್ಟಲೆ ನಿದ್ದೆ ಇಲ್ಲದೆ ವಿಪರೀತ ಹುರುಪು, ಖರ್ಚು, ಮಾತು ಆಗಿದ್ದರೆ ಅದನ್ನೂ ಹೇಳಿ. ಬೈಪೋಲಾರ್ (ವಿಪರೀತ ಹುರುಪು, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಇದ್ದವರಿಗೆ ಇದೊಂದನ್ನೇ ಕೊಟ್ಟರೆ ತಿರುಗುಬಾಣವಾಗಬಹುದು.

ಎಸ್‌ಎಸ್‌ಆರ್‌ಐ ಹಿಡಿಸದಿದ್ದರೆ ಡ್ಯುಲಾಕ್ಸೆಟಿನ್, ವೆನ್ಲಾಫಾಕ್ಸಿನ್ ಇವೆ. ಶುಗರ್‌ನಿಂದ ಕಾಲು ಉರಿಯುವವರಿಗೆ ಡ್ಯುಲಾಕ್ಸೆಟಿನ್ ಎರಡಕ್ಕೂ ಆಗುತ್ತದೆ. ವೆನ್ಲಾಫಾಕ್ಸಿನ್ ಬಿಪಿ ಏರಿಸಬಹುದು, ಬಿಡುವುದೂ ಕಷ್ಟ.

ಬೇಗದ ಮಾತ್ರೆ: ಆಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೊರಜೆಪಾಮ್

ಭಾವನಿಗೆ ಅರ್ಧ ಗಂಟೆಯಲ್ಲಿ ಆರಾಮ ಕೊಟ್ಟಿದ್ದು ಇದೇ. ಸುಳ್ಳಲ್ಲ, ನಿಜವಾಗಿಯೂ ಕೊಡುತ್ತದೆ. ವೇಗದ ಅಳತೆಯಲ್ಲಿ ಇದನ್ನು ಮೀರಿಸುವುದು ಇಲ್ಲ. ಆದರೆ ಬಿಡುವ ಅಳತೆಯಲ್ಲಿ ಇದೇ ಎಲ್ಲಕ್ಕಿಂತ ಕೆಳಗೆ.

ದಿನಾ ತಗೊಂಡರೆ ಕೆಲವೇ ವಾರಗಳಲ್ಲಿ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. 0.25 ಮಿ.ಗ್ರಾಂ.ನಲ್ಲಿ ಬರುತ್ತಿದ್ದ ಆರಾಮಕ್ಕೆ 0.5 ಬೇಕಾಗುತ್ತದೆ. ಒಂದು ದಿನ ತಪ್ಪಿದರೆ ಮೊದಲಿಗಿಂತ ಜೋರಾದ ಆತಂಕ ಬರುತ್ತದೆ, ಆಗ "ನೋಡಿ, ನನಗೆ ಈ ಮಾತ್ರೆ ಬೇಕೇ ಬೇಕು" ಅನ್ನಿಸುತ್ತದೆ. ಎಷ್ಟೋ ಸಲ ಅದು ಹಳೆಯ ಕಾಯಿಲೆ ಅಲ್ಲ, ಮಾತ್ರೆ ಇಳಿದಿದ್ದರ ಪರಿಣಾಮ. ಬಹಳ ದಿನ ತಗೊಂಡು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಅದಕ್ಕೇ ಇವನ್ನು 2ರಿಂದ 4 ವಾರದೊಳಗೆ ಮುಗಿಸಬೇಕು ಅನ್ನುವುದು ಸಾಮಾನ್ಯ ನಿಯಮ.

ಇವುಗಳೊಳಗೂ ಭೇದ ಇದೆ. ಆಲ್ಪ್ರಜೋಲಾಮ್ ಬೇಗ ಏರಿ ಬೇಗ ಇಳಿಯುತ್ತದೆ, ಹಾಗಾಗಿ ಮತ್ತೆ ಬೇಕು ಅನ್ನಿಸುವುದೂ ಬೇಗ. ಕ್ಲೋನಜೆಪಾಮ್ ಮೈಯಲ್ಲಿ ಒಂದು ದಿನಕ್ಕಿಂತ ಜಾಸ್ತಿ ಇರುತ್ತದೆ, ಬಿಡಿಸುವಾಗ ಅದು ಅನುಕೂಲ. ಆದರೆ ವಯಸ್ಸಾದವರಲ್ಲಿ ದಿನದಿಂದ ದಿನಕ್ಕೆ ಸೇರುತ್ತಾ ಹೋಗಿ ಮರುದಿನ ಮಧ್ಯಾಹ್ನವೂ ಮಂಪರು. ಲಿವರ್ ತೊಂದರೆ ಇದ್ದರೆ ಲೊರಜೆಪಾಮ್ ವಾಸಿ. ಎಟಿಜೋಲಾಮ್ ಬೇರೆ ಅಂದುಕೊಂಡವರಿದ್ದಾರೆ. ಅದೂ ಇದೇ ಜಾತಿಯಂತೆ ಕೆಲಸ ಮಾಡುತ್ತದೆ, ಹಾಗೇ ಹಿಡಿದುಕೊಳ್ಳುತ್ತದೆ.

ಇವುಗಳ ಜೊತೆ ಮದ್ಯ ಸುತಾರಾಂ ಬೇಡ. ಟ್ರಮಡಾಲ್‌ನಂಥ ನೋವಿನ ಮಾತ್ರೆಯೂ ಬೇಡ. ಎರಡೂ ಸೇರಿದರೆ ಉಸಿರಾಟವೇ ನಿಧಾನವಾಗುತ್ತದೆ. ಮನೆಯ ಹಿರಿಯರು ರಾತ್ರಿ ಬಾತ್‌ರೂಮಿಗೆ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದಕ್ಕೆ ಈ ಮಾತ್ರೆಗಳೂ ಒಂದು ಕಾರಣ. ವಾಹನ ಓಡಿಸುವವರಿಗಂತೂ ಇದು ಆಯ್ಕೆಯೇ ಅಲ್ಲ.

ಹಾಗಾದರೆ ಇದು ಕೆಟ್ಟ ಮಾತ್ರೆಯಾ? ಅಲ್ಲ. ಎಸ್‌ಎಸ್‌ಆರ್‌ಐ ಕೆಲಸ ಶುರು ಮಾಡುವವರೆಗಿನ ಎರಡು ಮೂರು ವಾರ ತಳ್ಳುವುದಕ್ಕೆ, ಅಪರೂಪಕ್ಕೆ ಬರುವ ಜೋರಾದ ಪ್ಯಾನಿಕ್‌ಗೆ, ಎಂಆರ್‌ಐ ಮಷಿನ್ ಒಳಗೆ ಹೋಗಲು ಹೆದರುವವರಿಗೆ ಇದರಿಂದ ದೊಡ್ಡ ಉಪಕಾರ. ಕೊನೆಯ ತಾರೀಕು ಮೊದಲೇ ಗೊತ್ತಿರಬೇಕು, ಅಷ್ಟೆ.

ಆಲ್ಪ್ರಜೋಲಾಮ್ ಶೀಟ್ ತಿರುಗಿಸಿ ನೋಡಿ. ಎನ್‌ಆರ್‌ಎಕ್ಸ್ ಅಂತ ಕೆಂಪು ಅಕ್ಷರ, ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಕಾಣುತ್ತದೆ. ಇದು ಶೆಡ್ಯೂಲ್ ಎಚ್1 ಔಷಧಿ, ಅಂದರೆ ಚೀಟಿ ಇಲ್ಲದೆ ಮಾರಬಾರದ ಪಟ್ಟಿಯದ್ದು. ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತುಗಳ ಕಾನೂನಿನ ಪಟ್ಟಿಯಲ್ಲೂ ಇದೆ. ಕೊಟ್ಟಾಗ ಬರೆದ ಡಾಕ್ಟರ್ ಹೆಸರು, ಪೇಷಂಟ್ ಹೆಸರು, ಎಷ್ಟು ಕೊಟ್ಟೆವು ಅನ್ನುವುದನ್ನು ನಾವು ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. "ಹಳೇ ಗಿರಾಕಿ, ಚೀಟಿ ಯಾಕೆ" ಅಂತ ಬೇಜಾರಾಗಬೇಡಿ. ಚೀಟಿ ಕೇಳದೆ ಕೊಡುವ ಅಂಗಡಿ ನಿಮಗೆ ಉಪಕಾರ ಮಾಡುತ್ತಿಲ್ಲ.

ಎರಡೂ ಸೇರಿಸಿದ ಒಂದೇ ಮಾತ್ರೆ

ನಮ್ಮಲ್ಲಿ ಬಹಳ ಓಡುವ ಮಾತ್ರೆ ಇದು, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಎಸ್ಸಿಟಾಲೋಪ್ರಾಮ್ 10 ಮತ್ತು ಕ್ಲೋನಜೆಪಾಮ್ 0.5 ಸೇರಿಸಿ ಒಂದೇ ಮಾತ್ರೆ ಮಾಡಿರುತ್ತಾರೆ. ಹೆಸರಿನ ಕೊನೆಗೆ ಪ್ಲಸ್ ಅಂತಲೋ ಇನ್ನೇನೋ ಒಂದು ಬಾಲ ಇರುತ್ತದೆ. ದಿನಕ್ಕೆ ಒಂದೇ ಮಾತ್ರೆ, ಬೆಲೆಯೂ ಕಡಿಮೆ, ಮೊದಲ ವಾರದ ಕಸಿವಿಸಿಯೂ ಇರಲ್ಲ. ಕೇಳಲು ಚೆನ್ನಾಗಿದೆ ಅಲ್ವಾ?

ಇದರಲ್ಲಿ ಒಂದನ್ನು ವರ್ಷಗಟ್ಟಲೆ ತಗೊಳ್ಳಬಹುದು, ಇನ್ನೊಂದನ್ನು ಕೆಲವು ವಾರದಲ್ಲಿ ನಿಲ್ಲಿಸಬೇಕು. ಒಂದೇ ಮಾತ್ರೆಯಾದ ಮೇಲೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಇಳಿಸುವುದು ಹೇಗೆ? ಎಸ್ಸಿಟಾಲೋಪ್ರಾಮ್ ಏರಿಸಿದರೆ ಕ್ಲೋನಜೆಪಾಮ್ ತಾನಾಗಿಯೇ ಏರುತ್ತದೆ. ಊರಿಗೆ ಹೋಗುವಾಗ ಮಾತ್ರೆ ಮರೆತರೆ ಎರಡೂ ಒಟ್ಟಿಗೆ ತಪ್ಪುತ್ತವೆ. ಎಲ್ಲಕ್ಕಿಂತ ದೊಡ್ಡದು, ತಗೊಳ್ಳುವವರಿಗೆ ತಮ್ಮ ಮಾತ್ರೆಯಲ್ಲಿ ಕ್ಲೋನಜೆಪಾಮ್ ಇದೆ ಅಂತಲೇ ಗೊತ್ತಿರುವುದಿಲ್ಲ. "ಆಲ್ಪ್ರಜೋಲಾಮ್ ಚಟ ಹಿಡಿಸುತ್ತಂತೆ, ನಾನು ಅದೆಲ್ಲ ಮುಟ್ಟಲ್ಲ" ಅನ್ನುತ್ತಲೇ ಈ ಮಾತ್ರೆ ಕೇಳುತ್ತಾರೆ.

ಹೊಟ್ಟೆಯ ಮಾತ್ರೆಗಳಲ್ಲೂ ಇದೇ ಕಥೆ. ಹೊಟ್ಟೆ ನುಲಿತಕ್ಕೆ, ಐಬಿಎಸ್‌ಗೆ (ಪದೇ ಪದೇ ಹೊಟ್ಟೆ ಕೆಡುವ ತೊಂದರೆ) ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲೋರ್ಡಯಾಜೆಪಾಕ್ಸೈಡ್ ಇರುತ್ತದೆ. ಅದೂ ಕ್ಲೋನಜೆಪಾಮ್ ಗುಂಪಿನದೇ. ಗ್ಯಾಸ್ ಮಾತ್ರೆ ಬಿಟ್ಟರೆ ಯಾಕೋ ಎದೆ ಡವಡವ ಅನ್ನುವವರು ಒಮ್ಮೆ ಆ ಶೀಟ್ ಹಿಂದಿನ ಸಣ್ಣ ಅಕ್ಷರ ಓದಿ.

ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಬೇಕೇ ಆದಾಗ ಬೇರೆ ಬೇರೆ ಮಾತ್ರೆಯಾಗಿ ಬರೆಸಿಕೊಳ್ಳಿ. "ಸಾರ್, ಎರಡನ್ನೂ ಬೇರೆ ಬೇರೆ ಕೊಡ್ತೀರಾ? ಕ್ಲೋನಜೆಪಾಮ್ ಯಾವತ್ತಿಗೆ ನಿಲ್ಲಿಸಬೇಕು ಅಂತ ಚೀಟಿಯಲ್ಲೇ ಬರೆದುಬಿಡಿ" ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಹೆಚ್ಚಿನ ಡಾಕ್ಟರ್‌ಗಳು ಖುಷಿಯಿಂದಲೇ ಬರೆಯುತ್ತಾರೆ.

ಮೈಯ ನಡುಕಕ್ಕೆ ಮಾತ್ರ: ಪ್ರೊಪ್ರನೊಲಾಲ್

ಇದು ಮೂಲತಃ ಬಿಪಿ, ಹೃದಯದ ಮಾತ್ರೆ. ತಲೆಯ ಚಿಂತೆಯನ್ನು ಮುಟ್ಟುವುದಿಲ್ಲ. ಎದೆ ಬಡಿತ, ಕೈ ನಡುಕ, ದನಿ ಒಡೆಯುವುದನ್ನು ತಗ್ಗಿಸುತ್ತದೆ. ವೈವಾಗೆ, ಸಂಗೀತ ಕಛೇರಿಗೆ ಕೂರುವ ಹಾಡುಗಾರರಿಗೆ, ಆಫೀಸಿನ ಪ್ರೆಸೆಂಟೇಶನ್‌ಗೆ ಸುಮಾರು ಒಂದು ಗಂಟೆ ಮುಂಚೆ ಸಣ್ಣ ಪ್ರಮಾಣ ಕೊಡುತ್ತಾರೆ. ಮಂಪರು ಅಷ್ಟಾಗಿ ಇಲ್ಲ, ಚಟ ಇಲ್ಲ, ಬೆಲೆ ತೀರಾ ಕಡಿಮೆ. ಸಂದರ್ಭಕ್ಕೆ ಮಾತ್ರ ಬರುವ ಆತಂಕಕ್ಕೆ ನಾನಾದರೆ ಮೊದಲು ಇದರ ಬಗ್ಗೆಯೇ ಕೇಳುತ್ತೇನೆ.

ಆದರೆ ಆಸ್ತಮಾ ಇದ್ದವರು ಇದನ್ನು ಮುಟ್ಟಲೇಬಾರದು, ಶ್ವಾಸನಾಳ ಬಿಗಿಯುತ್ತದೆ. ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ಮೇಲಿರುವವರಿಗೆ ಶುಗರ್ ಇಳಿದಾಗ ಬರುವ ನಡುಕ, ಎದೆ ಬಡಿತವೇ ಎಚ್ಚರಿಕೆ. ಈ ಮಾತ್ರೆ ಅದನ್ನು ಮುಚ್ಚಿಹಾಕುತ್ತದೆ. ನಾಡಿ ಮೊದಲೇ ನಿಧಾನ ಇರುವವರಿಗೂ ಬೇಡ. ದಿನಾ ತಗೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬಾರದು. ಇನ್ನೊಂದು ಕಿವಿಮಾತು: ಪರೀಕ್ಷೆಯ ದಿನವೇ ಮೊದಲ ಸಲ ನುಂಗಬೇಡಿ. ರಜೆಯ ದಿನ ಮನೆಯಲ್ಲಿ ಒಮ್ಮೆ ತಗೊಂಡು ಮೈ ಹೇಗೆ ತಡೆಯುತ್ತದೆ ನೋಡಿ. ಕ್ಲೋನಜೆಪಾಮ್ ಸೇರಿಸಿದ ಪ್ರೊಪ್ರನೊಲಾಲ್ ಕೂಡ ಸಿಗುತ್ತದೆ, ವೈವಾಗೆ ಅದು ಬಂದರೆ ಓದಿದ್ದೇ ಮರೆಯಬಹುದು.

ಉಳಿದವು

ಬುಸ್ಪಿರೋನ್ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಸದಾ ಕಾಡುವ ಆತಂಕಕ್ಕೆ ಆಗುತ್ತದೆ. ಚಟ ಇಲ್ಲ, ಮಂಪರು ಕಡಿಮೆ, ಲೈಂಗಿಕ ತೊಂದರೆಯೂ ಕಡಿಮೆ. ಆದರೆ 2ರಿಂದ 4 ವಾರ ಬೇಕು, ದಿನಕ್ಕೆ ಎರಡು ಮೂರು ಸಲ ನುಂಗಬೇಕು, ಪ್ಯಾನಿಕ್‌ಗೆ ಅಷ್ಟು ಉಪಯೋಗವಿಲ್ಲ. ಬೇಕಾದಾಗ ಒಂದು ನುಂಗುವ ಮಾತ್ರೆ ಅಲ್ಲ ಇದು.

ಪ್ರಿಗ್ಯಾಬಲಿನ್ ನರದ ನೋವಿಗೆ ಹೆಸರಾಗಿದೆ. ಯುರೋಪಿನಲ್ಲಿ ಆತಂಕಕ್ಕೂ ಒಪ್ಪಿಗೆ ಇದೆ, ಸುಮಾರು ಒಂದು ವಾರದಲ್ಲಿ ಗುಣ ಕಾಣುತ್ತದೆ. ತಲೆ ತಿರುಗುವುದು, ತೂಕ ಏರುವುದು, ಅಭ್ಯಾಸವಾಗುವುದು ಇದರ ಹೊರೆ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕು. ಹೈಡ್ರಾಕ್ಸಿಜಿನ್ ತುರಿಕೆಯ ಮಾತ್ರೆ, ನಿದ್ದೆ ತರುತ್ತದೆ. ನಾಲ್ಕು ದಿನಕ್ಕೆ ಸರಿ, ತಿಂಗಳಿಗಲ್ಲ.

ಅಶ್ವಗಂಧ ಕೇಳುವವರು ಈಗ ಜಾಸ್ತಿ. ಆಯುರ್ವೇದ ಅಂದಮೇಲೆ ಏನೂ ಆಗಲ್ಲ ಅನ್ನುವ ಧೈರ್ಯ ಬೇಡ. ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ, ಥೈರಾಯ್ಡ್ ಮೇಲೂ ಪರಿಣಾಮ ಉಂಟು, ನಿದ್ದೆ ಮಾತ್ರೆ ಜೊತೆ ಸೇರಿದರೆ ಮಂಪರು ಏರುತ್ತದೆ. ತಗೊಳ್ಳುತ್ತಿದ್ದರೆ ಡಾಕ್ಟರ್‌ಗೆ ಹೇಳಿ, ಮುಚ್ಚಿಡಬೇಡಿ.

ಮಾತ್ರೆ ಇಲ್ಲದ ದಾರಿ, ಮತ್ತು ದುಡ್ಡಿನ ಲೆಕ್ಕ

ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಆತಂಕಕ್ಕೆ ಮಾತ್ರೆಯಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ನಿಲ್ಲಿಸಿದ ಮೇಲೂ ಕಲಿತದ್ದು ಉಳಿಯುತ್ತದೆ, ಬಿಡುವ ಕಷ್ಟವೇ ಇಲ್ಲ. ತೊಂದರೆ ಅಂದರೆ ವಾರಕ್ಕೊಂದು ಸೆಶನ್‌ನಂತೆ ಎರಡು ಮೂರು ತಿಂಗಳು ಹೋಗಬೇಕು. ಬೆಂಗಳೂರು, ಮೈಸೂರು, ಮಂಗಳೂರಿನ ಖಾಸಗಿಯಲ್ಲಿ ಒಂದು ಸೆಶನ್‌ಗೆ ಕೊಡುವ ದುಡ್ಡಿನಲ್ಲಿ ತಿಂಗಳುಗಟ್ಟಲೆ ಮಾತ್ರೆ ಬರುತ್ತದೆ. ಕನ್ನಡದಲ್ಲಿ ಮಾಡುವ ತರಬೇತಿ ಆದವರು ಸಣ್ಣ ಊರಿನಲ್ಲಿ ಸಿಗುವುದೂ ಕಷ್ಟ. ಆತಂಕ ಹದವಾಗಿದ್ದರೆ, ಸಮಯ ಇದ್ದರೆ ಮೊದಲು ಇದನ್ನೇ ನೋಡಿ. ನಿದ್ದೆ, ಊಟ, ಕೆಲಸ ಎಲ್ಲ ಕೆಟ್ಟಿದ್ದರೆ ಎರಡೂ ಒಟ್ಟಿಗೆ.

ಮಾತ್ರೆಯ ಬೆಲೆ ದೊಡ್ಡ ಸಮಸ್ಯೆ ಅಲ್ಲ ಅಂದೆನಲ್ಲ. ಜನೌಷಧಿ ಕೇಂದ್ರದಲ್ಲಿ ಎಸ್ಸಿಟಾಲೋಪ್ರಾಮ್‌ನಂಥವು ಕಂಪನಿ ಬ್ರ್ಯಾಂಡ್‌ಗಿಂತ ಬಹಳ ಕಡಿಮೆಗೆ ಸಿಗುತ್ತವೆ. ಖರ್ಚಾಗುವುದು ಡಾಕ್ಟರ್ ಫೀ, ಓಡಾಟ, ರಜೆ ಹಾಕಿದ ದಿನದ ಕೂಲಿ. ಬೇಗದ ಮಾತ್ರೆ ಅಗ್ಗ ಅನ್ನಿಸುವುದು ಮೊದಲ ತಿಂಗಳು ಮಾತ್ರ. ಬಿಡಿಸಲು ಆರು ತಿಂಗಳು ಓಡಾಡಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಕೈ ಬಿಗಿ ಇದ್ದವರಿಗೆ ಸರ್ಕಾರಿ ದಾರಿ ಚೆನ್ನಾಗಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಇರುತ್ತದೆ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ತಾಲ್ಲೂಕಿನಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಇಲ್ಲಿಗೆ ಫೋನ್ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ನಿಮ್ಮದು ಯಾವ ಲೆಕ್ಕ?

ಸೆಮಿನಾರ್‌ಗೆ ಮಾತ್ರ ಹೆದರುವ ಆಸ್ತಮಾ ಇಲ್ಲದ ವಿದ್ಯಾರ್ಥಿಗೆ ಪ್ರೊಪ್ರನೊಲಾಲ್ ಸಾಕಾಗಬಹುದು. ಅದೇ ವಿದ್ಯಾರ್ಥಿ ಹಾಸ್ಟೆಲ್ ಮೆಸ್‌ಗೂ ಹೋಗಲು ಹೆದರುತ್ತಿದ್ದರೆ ಸಿಬಿಟಿ, ಅಥವಾ ಎಸ್‌ಎಸ್‌ಆರ್‌ಐ, ಅಥವಾ ಎರಡೂ.

ವರ್ಷದಿಂದ ಚಿಂತೆಯಲ್ಲೇ ಇರುವ, ಬೈಕ್‌ನಲ್ಲಿ ಓಡಾಡುವ ನೌಕರರಿಗೆ ಎಸ್ಸಿಟಾಲೋಪ್ರಾಮ್ ಅಥವಾ ಸರ್ಟ್ರಲಿನ್. ಲೈಂಗಿಕ ತೊಂದರೆ ಬೇಡವೇ ಬೇಡ ಅನ್ನುವವರು ಬುಸ್ಪಿರೋನ್ ಬಗ್ಗೆ ಕೇಳಲಿ.

ಎದೆಹಾಲು ಕುಡಿಸುವ ತಾಯಿಗೆ ಸಾಮಾನ್ಯವಾಗಿ ಸರ್ಟ್ರಲಿನ್ ಆರಿಸುತ್ತಾರೆ, ಹಾಲಿಗೆ ಹೋಗುವುದು ಬಹಳ ಕಡಿಮೆ. ಬಸುರಿಯಾದದ್ದು ಗೊತ್ತಾದ ದಿನ ಹೆದರಿ ಮಾತ್ರೆ ಎಸೆಯಬೇಡಿ, ಅವತ್ತೇ ಡಾಕ್ಟರ್‌ಗೆ ಫೋನ್ ಮಾಡಿ. ಪ್ಯಾರಾಕ್ಸೆಟಿನ್ ಇದ್ದರೆ ಬದಲಿಸುವ ಮಾತು ಬರುತ್ತದೆ.

ಎಪ್ಪತ್ತರ ಅಮ್ಮನಿಗೆ ನಿದ್ದೆ ಬರಲ್ಲ, ಗಾಬರಿ ಅಂದರೆ ಕ್ಲೋನಜೆಪಾಮ್ ಕಡೆ ಕೈ ಹೋಗುವುದು ಸಹಜ. ಬಿದ್ದರೆ ಏನು ಅನ್ನುವುದನ್ನು ಮೊದಲು ಯೋಚಿಸಿ. ಕುಡಿಯುವ ಅಭ್ಯಾಸ ಇದ್ದವರಿಗೂ ಬೇಗದ ಮಾತ್ರೆ ಬೇಡ. ಕುಡಿತ ಬಿಡಿಸುವಾಗ ಆಸ್ಪತ್ರೆಯಲ್ಲಿ ಕೊಡುವುದು ಬೇರೆ ವಿಷಯ.

ಗಲ್ಫ್‌ನಲ್ಲಿ ಕೆಲಸ ಮಾಡುವ ಮಂಗಳೂರು, ಭಟ್ಕಳದ ಕಡೆಯವರಿಗೆ ಒಂದು ಮಾತು. ಆಲ್ಪ್ರಜೋಲಾಮ್, ಕ್ಲೋನಜೆಪಾಮ್, ಪ್ರಿಗ್ಯಾಬಲಿನ್ ಅಲ್ಲಿ ನಿಯಂತ್ರಣದ ಔಷಧಿಗಳು. ಯುಎಇಗೆ ಒಯ್ಯಲು ಮೊದಲೇ ಆನ್‌ಲೈನ್ ಅನುಮತಿ ಬೇಕು. ಊರಿನಿಂದ ಯಾರೋ ಕೊಟ್ಟ ಪೊಟ್ಟಣದಲ್ಲಿ ಇಂಥ ಮಾತ್ರೆ ಇದ್ದರೆ ಸಿಕ್ಕಿಬೀಳುವುದು ನೀವು. ಗಲ್ಫ್ ಟಿಕೆಟ್ ಇದೆ ಅನ್ನುವುದನ್ನು ಡಾಕ್ಟರ್‌ಗೆ ಮೊದಲೇ ಹೇಳಿದರೆ ಬೇರೆ ಮಾತ್ರೆ ಯೋಚಿಸುತ್ತಾರೆ.

ಯಾವುದೇ ಮಾತ್ರೆಯಾದರೂ, ಒಂದು ಹೊತ್ತು ತಪ್ಪಿದರೆ ಮುಂದಿನ ಸಲ ಎರಡು ನುಂಗಬೇಡಿ. ಅರ್ಧ ಮಾಡುವುದಿದ್ದರೆ ಗೀರು ಇರುವ ಮಾತ್ರೆಯನ್ನು ಮಾತ್ರ ಮುರಿಯಿರಿ. 0.25 ಮತ್ತು 0.5 ನೋಡಿ ತಗೊಳ್ಳಿ, ಎರಡನೆಯದು ಮೊದಲಿನದರ ಎರಡರಷ್ಟು. ನಿಮಗೆ ಹಿಡಿಸಿತು ಅಂತ ನಾದಿನಿಗೆ ಅರ್ಧ ಶೀಟ್ ಕೊಡಬೇಡಿ.

ಈಗಾಗಲೇ ವರ್ಷಗಳಿಂದ ಆಲ್ಪ್ರಜೋಲಾಮೋ ಕ್ಲೋನಜೆಪಾಮೋ ನುಂಗುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ. ಇಳಿಸುವುದಕ್ಕೆ ಲೆಕ್ಕ ಇದೆ. ಅಮೆರಿಕದ ತಜ್ಞರ 2025ರ ಮಾರ್ಗಸೂಚಿ ಪ್ರಕಾರ 2ರಿಂದ 4 ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸಿ ನೋಡಬೇಕು, ಎರಡು ವಾರದಲ್ಲಿ ಶೇ. 25 ಮೀರಬಾರದು. ತಿಂಗಳುಗಳೇ ಹಿಡಿಯಬಹುದು. ಇದನ್ನು ಮನೆಯಲ್ಲಿ ಕೂತು ಬ್ಲೇಡ್‌ನಿಂದ ಮಾತ್ರೆ ಕೊಯ್ದು ಮಾಡುವುದಲ್ಲ, ಮನೋವೈದ್ಯರ ಜೊತೆ ಕೂತು ಮಾಡುವುದು. ಹೋಗುವಾಗ ಹಳೇ ಚೀಟಿ ಒಂದೇ ಅಲ್ಲ, ಈಗ ತಗೊಳ್ಳುತ್ತಿರುವ ಶೀಟನ್ನೇ ಒಯ್ಯಿರಿ. ಗ್ಯಾಸ್ ಮಾತ್ರೆಯ ಶೀಟನ್ನೂ.